ಭಾನುವಾರ ಒಂದು ದಿನವಾದರೂ ಸುದ್ದಿಯನ್ನು ತಲೆಯಿಂದ ಇಳಿಸುವುದು ಹೇಗೆ?

ಖಾಲಿಬೆಂಚು · ಭಾನುವಾರ, ರಾತ್ರಿ 9:40

ಇವತ್ತು ಇಡೀ ದಿನ ರಜೆ. ಮನೆಗೆ ಯಾರೂ ಬರುವವರಿರಲಿಲ್ಲ, ಎಲ್ಲಿಗೂ ಹೋಗಲೇಬೇಕು ಅಂತ ಇರಲಿಲ್ಲ. ಆದರೂ ಈಗ ಹಾಸಿಗೆ ಮೇಲೆ ಕೂತರೆ ದಿನವಿಡೀ ಮೂಟೆ ಹೊತ್ತವರ ಹಾಗೆ ಮೈಕೈ ನೋವು.

ನಡೆದದ್ದು ಇಷ್ಟು. ಎರಡು ವಾರದಿಂದ ಸುದ್ದಿ ಹೇಗಿದೆ ಅಂತ ನಿಮಗೂ ಗೊತ್ತು. ಯಾವ ಸುದ್ದಿ ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಮಾತೆಲ್ಲ ಆ ಕಡೆಗೇ ಹೋಗಿಬಿಡುತ್ತದೆ. ಇವತ್ತು ಏನೂ ನೋಡಬಾರದು ಅಂತ ಬೆಳಿಗ್ಗೆಯೇ ತೀರ್ಮಾನ ಮಾಡಿ ದೊಡ್ಡ ಪಾರ್ಕಿಗೆ ಹೋದೆ. ಮರದ ಕೆಳಗೆ ಬೆಂಚು ಸಿಕ್ಕಿತು. ಗಾಳಿ ಚೆನ್ನಾಗಿತ್ತು. ಹತ್ತು ನಿಮಿಷ ಆಗಿರಬೇಕು, ಕೈ ತಾನಾಗಿಯೇ ಜೇಬಿಗೆ ಹೋಯಿತು. ಟೈಮ್ ನೋಡೋಣ ಅಂತ ಫೋನ್ ತೆಗೆದದ್ದು, ದೇವರಾಣೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಮರದ ನೆರಳು ನನ್ನನ್ನು ಬಿಟ್ಟು ಪಕ್ಕದ ಹುಲ್ಲಿಗೆ ಹೋಗಿತ್ತು, ಕುತ್ತಿಗೆ ಬಿಸಿಲಿಗೆ ಸುಡುತ್ತಿತ್ತು, ಮತ್ತು ನಾನು ಯಾವುದೋ ದೇಶದ ಯಾವುದೋ ಬೀದಿಯ ವಿಡಿಯೊವನ್ನು ಮೂರನೇ ಸಲ ನೋಡುತ್ತಿದ್ದೆ.

ಅಲ್ಲಿಂದ ಎದ್ದು ಮ್ಯೂಸಿಯಂಗೆ ಹೋದೆ. ಅಲ್ಲೂ ಅದೇ ಕಥೆ. ಗಾಜಿನ ಪೆಟ್ಟಿಗೆಯಲ್ಲಿ ಹಳೇ ಕಾಲದ ಕತ್ತಿ, ಅದರ ಮುಂದೆ ನಿಂತು ನಾನು ಈ ಕಾಲದ ಯುದ್ಧದ ಸುದ್ದಿ ಓದುತ್ತಿದ್ದೆ.

ಸುದ್ದಿ ನಿಜವಾಗಿ ತಲೆಯಿಂದ ಇಳಿದ ಭಾನುವಾರ ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದೆಯಾ? ನಗರದ ಒಳಗೇ ಆಗಬೇಕು. ಬೆಟ್ಟ, ಸಮುದ್ರ ಅನ್ನಬೇಡಿ, ಸೋಮವಾರ ಬೆಳಿಗ್ಗೆ ನನಗೆ ಕೆಲಸ. "ಫೋನ್ ಆಫ್ ಮಾಡಿ" ಅಂತ ಒಂದೇ ಸಾಲು ಬರೆಯುವವರು ದಯವಿಟ್ಟು ಬೇಡ.

ಮೊಂಡುವಾದಿ · ರಾತ್ರಿ 9:52

ಫೋನ್ ಆಫ್ ಮಾಡಿ.

ಖಾಲಿಬೆಂಚು · ರಾತ್ರಿ 9:53

ಆ ಹೆಸರು ನೀವು ಸುಮ್ನೆ ಇಟ್ಟುಕೊಂಡದ್ದಲ್ಲ ಅಂತ ಗೊತ್ತಾಯಿತು.

ಡೆಸ್ಕ್‌ಹುಳು · ರಾತ್ರಿ 10:15

ನಾನು ಸುದ್ದಿ ತಯಾರಾಗುವ ಕಡೆ ಕೆಲಸ ಮಾಡುವವನು. ಯಾವ ಸಂಸ್ಥೆ ಅಂತ ಕೇಳಬೇಡಿ, ಹೊಟ್ಟೆಪಾಡು.

ಭಾನುವಾರ ನಮಗೆ ಸರಕು ಕಡಿಮೆ. ಕಚೇರಿಗಳು ಮುಚ್ಚಿರುತ್ತವೆ, ಕೋರ್ಟ್ ಇಲ್ಲ, ಷೇರುಪೇಟೆ ಇಲ್ಲ. ಆದರೆ ಪರದೆಯನ್ನು ಖಾಲಿ ಬಿಡುವ ಹಾಗಿಲ್ಲ. ಆಗ ಶನಿವಾರದ ಸುದ್ದಿಗೇ ಹೊಸ ಅಂಗಿ ತೊಡಿಸುತ್ತೇವೆ. ಬೆಳಿಗ್ಗೆ "ಆತಂಕ", ಮಧ್ಯಾಹ್ನ "ಹೆಚ್ಚಿದ ಆತಂಕ", ಸಂಜೆ "ಮುಂದೇನು?". ನಡುವೆ ಎಷ್ಟೋ ಸಲ ಏನೂ ನಡೆದಿರುವುದಿಲ್ಲ. ನಲವತ್ತು ಸುದ್ದಿ ಓದಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಆದರೆ ಓದಿದ್ದು ಒಂದೇ ಸುದ್ದಿಯನ್ನು ನಲವತ್ತು ಸಲ.

ತಲೆಬರಹದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಪ್‌ವರ್ದಿ ಅನ್ನುವ ತಾಣವೊಂದು ಒಂದೇ ಬರಹಕ್ಕೆ ಬೇರೆ ಬೇರೆ ತಲೆಬರಹ ಹಾಕಿ, ಜನ ಯಾವುದನ್ನು ಜಾಸ್ತಿ ಒತ್ತುತ್ತಾರೆ ಅಂತ ಪರೀಕ್ಷೆ ಮಾಡುತ್ತಿತ್ತು. ಆ ಪರೀಕ್ಷೆಗಳ ಲೆಕ್ಕವನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2023ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಬಂತು. ತಲೆಬರಹದಲ್ಲಿ ಕೆಡುಕನ್ನು ಸೂಚಿಸುವ ಒಂದು ಪದ ಜಾಸ್ತಿಯಾದರೆ ಒತ್ತುವವರ ಪ್ರಮಾಣ ಶೇಕಡ 2.3ರಷ್ಟು ಏರುತ್ತದಂತೆ. ನಮ್ಮ ಡೆಸ್ಕಿನವರಿಗೆ ಇದನ್ನು ತಿಳಿಯಲು ಯಾವ ಅಧ್ಯಯನವೂ ಬೇಕಿರಲಿಲ್ಲ.

ನನಗೆ ಭಾನುವಾರ ರಜೆ ಸಿಕ್ಕರೆ ಸಂಜೆ ಒಂದು ಸಲ ನೋಡುತ್ತೇನೆ. ಹತ್ತು ನಿಮಿಷ, ಬರಹ ಮಾತ್ರ, ವಿಡಿಯೊ ಇಲ್ಲ. ನನಗೆ ತಿಳಿಯಲೇಬೇಕಾದ ಏನಾದರೂ ನಡೆದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಇಷ್ಟು ವರ್ಷದಲ್ಲಿ ಹಾಗೆ ಫೋನ್ ಬಂದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ರಾಂಗ್ ನಂಬರ್.

ಹಳೇರೇಡಿಯೊ · ರಾತ್ರಿ 10:31

ಪರದೆ ಖಾಲಿ ಬಿಡುವ ಹಾಗಿಲ್ಲ ಅಂದಿರಿ. ಹಿಂದೆ ಬಿಟ್ಟಿದ್ದರು! 1930ರ ಏಪ್ರಿಲ್ 18, ಗುಡ್ ಫ್ರೈಡೇ. ಸಂಜೆಯ ವಾರ್ತೆಯ ಹೊತ್ತಿಗೆ ಬಿಬಿಸಿ ರೇಡಿಯೊದವರು ಇವತ್ತು ಸುದ್ದಿ ಏನೂ ಇಲ್ಲ ಅಂತ ಹೇಳಿ, ಉಳಿದ ಸಮಯಕ್ಕೆ ಪಿಯಾನೊ ಹಾಕಿದರು. ಅಷ್ಟೇ. ಆ ದಿನ ಜಗತ್ತಿನಲ್ಲಿ ಏನೂ ಆಗಿರಲಿಲ್ಲ ಅಂತ ಅರ್ಥ ಅಲ್ಲ. ಹೇಳಲೇಬೇಕಾದ್ದು ತಮ್ಮ ಕೈಗೆ ಬಂದಿಲ್ಲ ಅಂತ ಅವರಿಗೆ ಅನ್ನಿಸಿತ್ತು.

ಆಮೇಲೆ 1980ರಲ್ಲಿ ಸಿಎನ್‌ಎನ್ ಶುರುವಾಯಿತು, ದಿನದ 24 ಗಂಟೆ ಸುದ್ದಿ. 24 ಗಂಟೆ ತುಂಬಿಸಬೇಕು ಅಂದಮೇಲೆ ಪಿಯಾನೊಗೆ ಜಾಗ ಎಲ್ಲಿ?

ನಾನು ಈಗಲೂ ವಾರ್ತೆ ಕೇಳುವುದು ರೇಡಿಯೊದಲ್ಲೇ. ಅದರಲ್ಲಿ ಒಂದು ಗುಣ ಇದೆ. ಮುಗಿಯುತ್ತದೆ. "ಇಲ್ಲಿಗೆ ವಾರ್ತೆಗಳು ಮುಗಿದವು" ಅಂದಾಗ ಎದೆಯೊಳಗೆ ಏನೋ ಸಡಿಲವಾಗುತ್ತದೆ.

ಮೊಂಡುವಾದಿ · ರಾತ್ರಿ 10:58

ತಮಾಷೆ ಸಾಕು, ಈಗ ಗಂಭೀರವಾಗಿ ಬರೆಯುತ್ತೇನೆ.

ಎಲ್ಲೋ ಜನ ಮನೆ ಕಳೆದುಕೊಂಡು ಕೂತಿದ್ದಾರೆ. ನಾವು ಇಲ್ಲಿ ಪಾರ್ಕಿನ ಬೆಂಚಿನ ಮೇಲೆ ಹಾಯಾಗಿರುವುದು ಹೇಗೆ ಅಂತ ಚರ್ಚೆ ಮಾಡುತ್ತಿದ್ದೇವೆ. ನನಗೆ ಇದು ಸರಿ ಕಾಣುವುದಿಲ್ಲ. ನೋಡದೆ ಇದ್ದರೆ ಸುದ್ದಿ ನಿಂತುಹೋಗುತ್ತದೆಯೇ? ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ವರ್ಷ ವರ್ಷ ಹಲವು ದೇಶಗಳಲ್ಲಿ ಸಮೀಕ್ಷೆ ಮಾಡುತ್ತದೆ. ಕೆಲವೊಮ್ಮೆಯೋ ಆಗಾಗವೋ ಸುದ್ದಿಯಿಂದ ಬೇಕೆಂದೇ ದೂರ ಇರುತ್ತೇವೆ ಅಂದವರು 2017ರಲ್ಲಿ ಶೇಕಡ 29 ಇದ್ದರು, 2024ರಲ್ಲಿ ಶೇಕಡ 39. ಎಲ್ಲರೂ ಹೀಗೆ ಮುಖ ತಿರುಗಿಸಿಕೊಂಡರೆ ತಪ್ಪು ಮಾಡುವವರಿಗೆ ಹಬ್ಬ ಅಲ್ವಾ?

ಒಬ್ಬರ ಕಷ್ಟ ನೋಡಿ ನಿದ್ದೆ ಕೆಡುವುದು ಮನುಷ್ಯನ ಲಕ್ಷಣ. ಅದನ್ನೇ ರೋಗ ಅನ್ನುವುದು ಬೇಡ.

ದೂರದಊರು · ರಾತ್ರಿ 11:20

ಬರೆಯಬೇಕೋ ಬೇಡವೋ ಅಂತ ಅರ್ಧ ಗಂಟೆ ಯೋಚನೆ ಮಾಡಿದೆ. ನೀವು ಹೆಸರು ಹೇಳದ ಆ ಸುದ್ದಿ ನಡೆಯುತ್ತಿರುವ ಊರಿನಲ್ಲೇ ನನ್ನ ಅಕ್ಕ ಇದ್ದಾಳೆ.

ಮೊದಲ ನಾಲ್ಕು ದಿನ ನಾನು ಮಲಗಲೇ ಇಲ್ಲ. ಮೂರು ಚಾನೆಲ್, ಎರಡು ಫೋನ್. ಅವಳ ಬೀದಿಯ ಹೆಸರು ಬರುತ್ತದೇನೋ ಅಂತ ಕಾಯುವುದು. ಐದನೇ ದಿನ ಅವಳೇ ಫೋನ್ ಮಾಡಿದಳು. ನಾನು ಗಾಬರಿಯಿಂದ ಅಲ್ಲಿ ಹಾಗಾಯಿತಂತೆ, ಇಲ್ಲಿ ಹೀಗಾಯಿತಂತೆ ಅಂತ ಒಂದೇ ಸಮನೆ ಹೇಳುತ್ತಾ ಹೋದೆ. ಅವಳು ಸ್ವಲ್ಪ ಹೊತ್ತು ಕೇಳಿ ನಕ್ಕಳು. ನಿನಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ ಕಣೇ, ಇಲ್ಲಿ ಕರೆಂಟ್ ಇಲ್ಲ, ನಾನು ನೀರಿನ ಸಾಲಿನಲ್ಲಿ ನಿಂತಿದ್ದೇನೆ, ಮುಂದಿರುವವನ ಬಕೆಟ್ ತೂತು ಅಂದಳು.

ಮೊಂಡುವಾದಿಯವರೇ, ನಿಮ್ಮ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಆದರೆ ಆ ನಾಲ್ಕು ದಿನ ನಾನು ನೋಡಿದ್ದರಿಂದ ಅಕ್ಕನಿಗೆ ಒಂದು ಲೋಟ ನೀರೂ ಸಿಗಲಿಲ್ಲ. ಉಪಯೋಗಕ್ಕೆ ಬಂದದ್ದು ಐದನೇ ದಿನ, ತಲೆ ಸ್ವಲ್ಪ ತಿಳಿಯಾದ ಮೇಲೆ, ಅವಳ ಕಾಗದಪತ್ರ ಹುಡುಕಿ ಕಳಿಸಿದ್ದು. ಈಗ ದಿನಕ್ಕೆ ಒಂದೇ ಹೊತ್ತು, ರಾತ್ರಿ ಎಂಟಕ್ಕೆ, ಅವಳ ಮೆಸೇಜ್. ಅದು ಬಂದರೆ ಆವತ್ತಿನ ಸುದ್ದಿ ಮುಗಿಯಿತು. ಬರದ ದಿನ ಬೇರೆ ಮಾತು, ಆ ದಿನದ ಬಗ್ಗೆ ಇಲ್ಲಿ ಬರೆಯಲಾರೆ.

ಮನಸ್ಸಿನಪಾಠ · ರಾತ್ರಿ 11:47

ದೂರದಊರು, ನಿಮ್ಮ ಅಕ್ಕ ಹೇಳಿದ್ದಕ್ಕೆ ಹತ್ತಿರವಾದದ್ದನ್ನೇ ನಾವು ತರಗತಿಯಲ್ಲಿ ಓದಿದ್ದೆವು. ನಾನು ಮನಶ್ಶಾಸ್ತ್ರದ ವಿದ್ಯಾರ್ಥಿ, ವೈದ್ಯರಲ್ಲ, ಹಾಗಾಗಿ ಇದನ್ನು ಸಲಹೆ ಅಂತ ತೆಗೆದುಕೊಳ್ಳಬೇಡಿ.

2013ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿಯಿತು. ಅದಾದ ಕೆಲವು ವಾರಗಳಲ್ಲಿ ಸಂಶೋಧಕರು ಅಮೆರಿಕದ 4 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಘಟನೆಯ ನಂತರದ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅದೇ ಸುದ್ದಿ ನೋಡಿದವರಲ್ಲಿ ಕಂಡ ತೀವ್ರ ಒತ್ತಡದ ಲಕ್ಷಣಗಳು, ಓಟದ ಜಾಗದಲ್ಲಿ ಅಥವಾ ಅದರ ಹತ್ತಿರ ಇದ್ದವರಿಗಿಂತಲೂ ಜಾಸ್ತಿ ಇದ್ದವು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದರಿಂದ ಸುದ್ದಿಯೇ ಒತ್ತಡಕ್ಕೆ ಕಾರಣ ಅಂತ ಪೂರ್ತಿ ಹೇಳಲಾಗುವುದಿಲ್ಲ, ಮೊದಲೇ ಕಳವಳ ಇರುವವರು ಜಾಸ್ತಿ ನೋಡಿರಲೂಬಹುದು. ಆದರೂ ಅದನ್ನು ಓದಿದ ದಿನ ನಾನು ಮನೆಗೆ ಬಂದು ಎಲ್ಲ ನೋಟಿಫಿಕೇಶನ್ ತೆಗೆದುಹಾಕಿದೆ.

ಈಗ ಖಾಲಿಬೆಂಚು ಅವರ ಪ್ರಶ್ನೆಗೆ ಬರುತ್ತೇನೆ. ಪಾರ್ಕಿನಲ್ಲಿ ತಪ್ಪೇನೂ ಇರಲಿಲ್ಲ. ಗಮನಕ್ಕೂ ದಣಿವಾಗುತ್ತದೆ, ಅದು ಸುಧಾರಿಸಿಕೊಳ್ಳಲು ಮೆಲ್ಲಗೆ ಸೆಳೆಯುವಂಥದ್ದು ಏನಾದರೂ ಬೇಕು ಅಂತ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಎಲೆ ಅಲುಗುವುದು, ಮೋಡ ಸರಿಯುವುದು, ನೀರು ಹರಿಯುವುದು, ಇಂಥವು. ಇವು ಕಣ್ಣನ್ನು ಕಟ್ಟಿಹಾಕುವುದಿಲ್ಲ, ಸುಮ್ನೆ ಹಿಡಿದಿರುತ್ತವೆ. ತೊಂದರೆ ಏನು ಅಂದರೆ ಫೋನು ಕಟ್ಟಿಹಾಕುತ್ತದೆ. ಕಟ್ಟಿಹಾಕುವುದೂ ಮೆಲ್ಲಗೆ ಸೆಳೆಯುವುದೂ ಒಂದೇ ಬೆಂಚಿನ ಮೇಲೆ ಕೂತರೆ ಗೆಲ್ಲುವುದು ಯಾವುದು ಅಂತ ನೀವೇ ನೋಡಿದಿರಲ್ಲ. ಅದಕ್ಕೆ ನಿಮ್ಮ ಮನಸ್ಸು ದುರ್ಬಲ ಅಂತ ಬೈದುಕೊಳ್ಳಬೇಡಿ. ಕೆಳಗೆ ಎಳೆದಷ್ಟೂ ಬರುತ್ತಲೇ ಇರುವ ಆ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಬೇಸರ ಪಟ್ಟುಕೊಂಡಿದ್ದಾರೆ.

ಇನ್ನೊಂದು ಉಪಾಯವೂ ಇದೆ. 1983ರಲ್ಲಿ ಬೋರ್ಕೊವೆಕ್ ಮತ್ತು ಅವರ ಜೊತೆಯವರು ವಿಪರೀತ ಚಿಂತೆ ಮಾಡುವವರ ಮೇಲೆ ಇದನ್ನು ಪರೀಕ್ಷಿಸಿದ್ದರು. ಚಿಂತೆ ಬಿಡಿ ಅಂತ ಅವರಿಗೆ ಹೇಳಲಿಲ್ಲ. ದಿನಾ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗದಲ್ಲಿ ಕೂತು ಚಿಂತೆ ಮಾಡಿ, ಬೇರೆ ಹೊತ್ತಿನಲ್ಲಿ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡಿ ಅಂದರು. ಚಿಂತೆ ಕಡಿಮೆಯಾಯಿತು. ರಾತ್ರಿ ಎಂಟರ ಮೆಸೇಜ್ ಅಂದಿರಲ್ಲ, ಯಾರೂ ಹೇಳಿಕೊಡದೆ ನೀವು ಅದನ್ನೇ ಮಾಡಿಕೊಂಡಿದ್ದೀರಿ.

ಮೊಂಡುವಾದಿ · ಸೋಮವಾರ, ಬೆಳಿಗ್ಗೆ 7:05

ದೂರದಊರು, ನಿಮ್ಮ ಅಕ್ಕ ಕ್ಷೇಮವಾಗಿರಲಿ. ನಾನು ಬರೆದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಇನ್ನರ್ಧ ಹಾಗೇ ಇರಲಿ.

ಕಿಟಕಿಸೀಟು · ಸೋಮವಾರ, ಬೆಳಿಗ್ಗೆ 8:40

ಬಸ್ಸಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಬೆಂಚಿನ ತೊಂದರೆ ಅಂದರೆ ಅದು ಎಲ್ಲೂ ಹೋಗುವುದಿಲ್ಲ. ನನಗೆ ಪಾರ್ಕಿನಲ್ಲಿ ಸುಮ್ನೆ ಕೂರಲು ಬರುವುದೇ ಇಲ್ಲ, ಕೂತ ತಕ್ಷಣ ಬಾಕಿ ಇರುವ ಕೆಲಸಗಳೆಲ್ಲ ಪಕ್ಕದಲ್ಲಿ ಬಂದು ಕೂರುತ್ತವೆ. ಅದಕ್ಕೆ ಭಾನುವಾರ ನಾನು ಗೊತ್ತಿಲ್ಲದ ಬಸ್ ಹತ್ತುತ್ತೇನೆ. ನಿಲ್ದಾಣಕ್ಕೆ ಹೋಗುವುದು, ನಾನು ಯಾವತ್ತೂ ಹತ್ತದ ನಂಬರಿನ ಬಸ್ ಬಂದರೆ ಹತ್ತುವುದು, ಕೊನೆಯ ಸ್ಟಾಪಿಗೆ ಟಿಕೆಟ್ ಕೇಳುವುದು. ಕಂಡಕ್ಟರ್ ಒಂದು ಥರಾ ನೋಡುತ್ತಾರೆ. ಅಲ್ಲಿ ಯಾರ ಮನೆ ಅಂತ ಒಮ್ಮೆ ಒಬ್ಬರು ಕೇಳಿಯೇಬಿಟ್ಟರು.

ವಾರದ ದಿನದ ನಗರ ಬೇರೆ, ಭಾನುವಾರದ ನಗರ ಬೇರೆ. ಅಂಗಡಿಗಳ ಶಟರ್ ಎಳೆದಿರುವುದರಿಂದ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ದಿನಾ ಓಡಾಡುವ ಬೀದಿಯ ಎರಡನೇ ಮಹಡಿ ನೋಡಿದ್ದೀರಾ? ಒಂದು ಕಟ್ಟಡದ ಮೇಲೆ ಅದನ್ನು ಕಟ್ಟಿದ ವರ್ಷ ಕೆತ್ತಿದ್ದಾರೆ, 1926. ಹತ್ತು ವರ್ಷ ಅದರ ಕೆಳಗೆ ನಡೆದಿದ್ದೇನೆ, ಗೊತ್ತೇ ಇರಲಿಲ್ಲ. ಬಾಲ್ಕನಿಯಲ್ಲಿ ಯಾರೋ ಟಬ್ಬಿನ ಗಿಡಕ್ಕೆ ಚಮಚದಲ್ಲಿ ನೀರು ಹಾಕುತ್ತಿರುತ್ತಾರೆ. ಒಬ್ಬ ಹುಡುಗ ಗೋಡೆಗೆ ಚೆಂಡು ಹೊಡೆದು ತಾನೇ ಹಿಡಿಯುತ್ತಾ ತಾನೇ ಕಾಮೆಂಟರಿ ಹೇಳುತ್ತಿರುತ್ತಾನೆ. ಸಿಗ್ನಲ್ಲಿನಲ್ಲಿ ಖಾಲಿ ರಸ್ತೆಗೂ ಕೆಂಪು ದೀಪ ಬೀಳುತ್ತದೆ, ಒಂದೇ ಒಂದು ಸ್ಕೂಟರ್ ಅದಕ್ಕೆ ಮರ್ಯಾದೆ ಕೊಟ್ಟು ನಿಲ್ಲುತ್ತದೆ.

ಕೊನೆಯ ಸ್ಟಾಪಿನಲ್ಲಿ ಇಳಿದು ಎರಡು ಮೂರು ಸ್ಟಾಪು ಹಿಂದಕ್ಕೆ ನಡೆಯುತ್ತೇನೆ. ಇದು ಮುಖ್ಯ. ನಡೆಯದಿದ್ದರೆ ಸುಮ್ನೆ ಬಸ್ಸಿನಲ್ಲಿ ಕೂತು ಎದ್ದ ಹಾಗಾಗುತ್ತದೆ, ಅಷ್ಟೇ. ದಾರಿ ಗೊತ್ತಿಲ್ಲದಿರುವುದರಿಂದ ತಲೆಗೆ ಕೆಲಸ ಇರುತ್ತದೆ, ಎಡಕ್ಕೆ ತಿರುಗಬೇಕೋ ಬಲಕ್ಕೋ, ಈ ಸಂದು ಆಚೆ ತೆರೆಯುತ್ತದೋ ಇಲ್ಲವೋ. ಆ ಪುಟ್ಟ ಚಿಂತೆ ದೊಡ್ಡ ಚಿಂತೆಗೆ ಜಾಗ ಬಿಡುವುದಿಲ್ಲ. ಫೋನು ಬ್ಯಾಗಿನ ಅಡಿಯಲ್ಲಿ, ಸ್ವೆಟರ್ ಕೆಳಗೆ. ಕರೆ ಬಂದರೆ ಕೇಳುತ್ತದೆ, ಆದರೆ ತೆಗೆಯಬೇಕಾದರೆ ಬ್ಯಾಗ್ ಪೂರ್ತಿ ಖಾಲಿ ಮಾಡಬೇಕು. ಸೋಮಾರಿತನ ನನ್ನ ಪರವಾಗಿ ಕೆಲಸ ಮಾಡುತ್ತದೆ.

ಅವಳಿಅಪ್ಪ · ಸೋಮವಾರ, ಮಧ್ಯಾಹ್ನ 1:10

ಗೊತ್ತಿಲ್ಲದ ಬಸ್ಸು, ಗೊತ್ತಿಲ್ಲದ ಸಂದು. ಎಷ್ಟು ಚಂದ. ನಮ್ಮ ಮನೆಯಲ್ಲಿ ಮೂರು ವರ್ಷದವರು ಇಬ್ಬರಿದ್ದಾರೆ. ಅವರ ಜೊತೆ ಮೂಲೆಯ ತನಕ ಹೋಗಿ ಬರಲು ಒಂದು ಗಂಟೆ ಹತ್ತು ನಿಮಿಷ ಬೇಕು. ಪ್ರತಿ ಇರುವೆಯನ್ನೂ ಮಾತಾಡಿಸಬೇಕು, ಪ್ರತಿ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಎರಡು ಸಲ ಹಾರಬೇಕು. ಕಳೆದ ವಾರ ನನಗೂ ಸುದ್ದಿ ನೋಡಿ ತಲೆ ಕೆಟ್ಟಿತ್ತು. ಇವರಿಗೆ ಜಗತ್ತಿನ ಗತಿ ಏನಾಗುತ್ತಿದೆ ಅಂತ ಒಂದಿಷ್ಟೂ ಚಿಂತೆ ಇಲ್ಲ, ಮುಚ್ಚಳ ಮಾತ್ರ ಬಿಡುವ ಹಾಗಿಲ್ಲ. ನಾನೂ ಹಾರಿದೆ. ಮಂಡಿ ನೋವು ಬಂತು, ತಲೆನೋವು ಹೋಯಿತು.

ರಾತ್ರಿಪಾಳಿ · ಮಂಗಳವಾರ, ಬೆಳಗಿನ ಜಾವ 4:25

ಭಾನುವಾರ ಅನ್ನುವುದು ಎಲ್ಲರಿಗೂ ಭಾನುವಾರ ಅಲ್ಲ, ಅದನ್ನು ಯಾರಾದರೂ ಹೇಳಬೇಕಿತ್ತು. ನಾನು ನರ್ಸ್. ನನ್ನ ಭಾನುವಾರ ಒಮ್ಮೆ ಬುಧವಾರ ಬರುತ್ತದೆ, ಒಮ್ಮೆ ಬರುವುದೇ ಇಲ್ಲ. ನಿಮ್ಮ ಬಸ್ಸು ಓಡಿಸುವವರಿಗೂ ಅಷ್ಟೇ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಂದು ಟಿವಿ ಇದೆ, ಇಡೀ ರಾತ್ರಿ ಸುದ್ದಿ. ಒಳಗೆ ಮಲಗಿರುವವರ ಚಿಂತೆಯಲ್ಲಿ ಕೂತಿರುವ ಜನರ ತಲೆ ಮೇಲೆ ಕೆಂಪು ಅಕ್ಷರ ಓಡುತ್ತಲೇ ಇರುತ್ತದೆ. ಒಂದು ರಾತ್ರಿ ರಿಮೋಟ್ ಸಿಕ್ಕಿತು, ಎಲ್ಲರನ್ನೂ ಕೇಳಿ ಆರಿಸಿದೆ. ಯಾರೂ ಬೇಡ ಅನ್ನಲಿಲ್ಲ. ಎರಡು ನಿಮಿಷ ಮೌನ. ಆಮೇಲೆ ಪಕ್ಕಪಕ್ಕ ಮೂರು ದಿನದಿಂದ ಕೂತಿದ್ದ ಇಬ್ಬರು ಮೊದಲ ಸಲ ಮಾತಾಡಿದರು.

ಮನಸ್ಸಿನಪಾಠ ಅವರು ಮರದ ವಿಷಯ ಹೇಳಿದರಲ್ಲ, ನಮಗೂ ಅದನ್ನು ಕಲಿಸುತ್ತಾರೆ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ 46 ರೋಗಿಗಳ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ನೋವಿಗೆ ಕೊಡುವ ಜೋರಾದ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು. ಸಣ್ಣ ಅಧ್ಯಯನ ಹೌದು. ಆದರೆ ಮಂಚವನ್ನು ಕಿಟಕಿಯ ಕಡೆ ತಿರುಗಿಸಲು ಯಾರ ಅನುಮತಿಯೂ ಬೇಕಿಲ್ಲವಲ್ಲ, ಆದಾಗೆಲ್ಲ ತಿರುಗಿಸುತ್ತೇನೆ.

ನನ್ನ ರಜೆಯ ದಿನ ಹೇಗಿರುತ್ತದೆ ಅಂದರೆ ಮಧ್ಯಾಹ್ನ ಎರಡರ ತನಕ ನಿದ್ದೆ, ಆಮೇಲೆ ಲೈಬ್ರರಿಯ ಓದುವ ಕೋಣೆ. ಅಲ್ಲಿ ಓದುವುದಕ್ಕಿಂತ ಜಾಸ್ತಿ ಬೇರೆಯವರು ಪುಟ ತಿರುಗಿಸುವ ಸದ್ದು ಕೇಳುತ್ತೇನೆ. ನಾಚಿಕೆ ಏನಿಲ್ಲ.

ಸೈಕಲ್‌ಬೆಲ್ · ಮಂಗಳವಾರ, ಸಂಜೆ 6:30

ನೀವೆಲ್ಲ ಒಬ್ಬೊಬ್ಬರೇ ಹೇಗೆ ತಪ್ಪಿಸಿಕೊಳ್ಳುವುದು ಅಂತ ಮಾತಾಡುತ್ತಿದ್ದೀರಿ. ಇಡೀ ನಗರವೇ ಸೇರಿ ಮಾಡಿದ್ದೂ ಇದೆ. ಕೊಲಂಬಿಯದ ಬೊಗೊಟಾದಲ್ಲಿ 1974ರಿಂದ ಭಾನುವಾರ ಮುಖ್ಯ ರಸ್ತೆಗಳನ್ನು ಕಾರಿಗೆ ಮುಚ್ಚುತ್ತಾರೆ. ಅದರ ಹೆಸರು ಸಿಕ್ಲೊವಿಯಾ. ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರ ತನಕ, 120 ಕಿಲೋಮೀಟರಿಗೂ ಜಾಸ್ತಿ ರಸ್ತೆ. ಸೈಕಲ್, ಸ್ಕೇಟಿಂಗ್, ಓಟ, ಸುಮ್ನೆ ನಡೆಯುವುದು, ಎಲ್ಲ. ಎರಡು ಕೈಯೂ ಹ್ಯಾಂಡಲ್ ಮೇಲೆ ಇದ್ದಾಗ ಯಾವ ಸುದ್ದಿ ನೋಡುತ್ತೀರಿ? ನಾನು ಭಾನುವಾರ ಬೇಗ ಎದ್ದು ಸೈಕಲ್ ಹೊಡೆಯುವುದು ಈ ಒಂದೇ ಕಾರಣಕ್ಕೆ, ವ್ಯಾಯಾಮ ಎಲ್ಲ ನೆಪ.

ಪಾರ್ಕು ಬೇಡ ಅನ್ನುವವರಿಗೆ ಒಂದು ಲೆಕ್ಕ. 2019ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರ ಉತ್ತರ ನೋಡಿದ್ದಾರೆ. ವಾರಕ್ಕೆ ಒಟ್ಟು 120 ನಿಮಿಷ ಹಸಿರಿನ ಜಾಗದಲ್ಲಿ ಕಳೆದವರು, ನಗರದ ಪಾರ್ಕೂ ಲೆಕ್ಕಕ್ಕೆ ಇದೆ, ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳಿದ್ದು ಜಾಸ್ತಿ. ಒಂದೇ ಸಲ ಎರಡು ಗಂಟೆಯೋ, ಬಿಡಿ ಬಿಡಿಯಾಗಿಯೋ, ವ್ಯತ್ಯಾಸ ಇಲ್ಲ. ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂತವರನ್ನು ಎಣಿಸಿದರೋ ಇಲ್ಲವೋ, ಖಾಲಿಬೆಂಚು ಅವರೇ ಹೇಳಬೇಕು.

ಖಾಲಿಬೆಂಚು · ಬುಧವಾರ, ರಾತ್ರಿ 9:15

ಎಲ್ಲವನ್ನೂ ಓದಿದೆ. ದೂರದಊರು ಬರೆದದ್ದನ್ನು ಎರಡು ಸಲ.

ನನಗೆ ಒಂದು ವಿಷಯ ಅರ್ಥವಾಯಿತು ಅನ್ನಿಸುತ್ತದೆ. ನಾನು ಸುದ್ದಿಯನ್ನು ತೆಗೆದುಹಾಕಲು ಹೋಗಿದ್ದೆ, ಆ ಜಾಗಕ್ಕೆ ಏನನ್ನೂ ತಂದಿರಲಿಲ್ಲ. ಖಾಲಿ ಜಾಗಕ್ಕೆ ಅದೇ ವಾಪಸ್ ಬಂತು. ಈ ಭಾನುವಾರ ಬಸ್ ಪ್ರಯತ್ನ ಮಾಡುತ್ತೇನೆ. ಫೋನ್ ಮನೆಯಲ್ಲಿ ಬಿಡುವಷ್ಟು ಧೈರ್ಯ ಇಲ್ಲ, ಅಮ್ಮನಿಗೆ ಹುಷಾರಿಲ್ಲ. ಸ್ವೆಟರ್ ಕೆಳಗೆ ಇಡುತ್ತೇನೆ.

ಡೆಸ್ಕ್‌ಹುಳು · ಬುಧವಾರ, ರಾತ್ರಿ 9:40

ಅಮ್ಮನ ನಂಬರಿಗೆ ಬೇರೆ ರಿಂಗ್‌ಟೋನ್ ಇಡಿ. ಉಳಿದದ್ದೆಲ್ಲ ಸೈಲೆಂಟ್. ಇದು ಇಲ್ಲದಿದ್ದರೆ ಪ್ರತಿ ಸಲ ಟಿಂಗ್ ಅಂದಾಗಲೂ ಅಮ್ಮನೇ ಇರಬೇಕು ಅಂತ ತೆಗೆಯುತ್ತೀರಿ, ಒಳಗೆ ನಾವು ಕಾಯುತ್ತಿರುತ್ತೇವೆ.

ಖಾಲಿಬೆಂಚು · ಭಾನುವಾರ, ರಾತ್ರಿ 8:50

ವರದಿ ಒಪ್ಪಿಸುತ್ತಿದ್ದೇನೆ.

ಹತ್ತೂವರೆಗೆ ಬಸ್ ಹತ್ತಿದೆ. ಮೊದಲ ಅರ್ಧ ಗಂಟೆ ಚೆನ್ನಾಗಿರಲಿಲ್ಲ, ನಿಜ ಹೇಳಬೇಕಲ್ವಾ. ಕೈ ನಾಲ್ಕು ಸಲ ಬ್ಯಾಗಿನ ಕಡೆ ಹೋಯಿತು. ಮುಂದಿನ ಸೀಟಿನವರು ಫೋನಿನಲ್ಲಿ ಜೋರಾಗಿ ಸುದ್ದಿಯ ವಿಡಿಯೊ ಹಾಕಿದ್ದರು, ಅರ್ಧ ಮಾತು ಕೇಳಿಸಿತು, ಉಳಿದರ್ಧ ಏನಿರಬಹುದು ಅಂತ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಎದ್ದು ಹಿಂದಿನ ಸೀಟಿಗೆ ಹೋದೆ.

ಕೊನೆಯ ಸ್ಟಾಪು ಅಂದರೆ ಒಂದು ಗೋಡೆ, ಒಂದು ಮರ, ನಿಂತಿರುವ ಇನ್ನೆರಡು ಬಸ್. ನೋಡಲು ಏನೂ ಇಲ್ಲ. ಇಷ್ಟಕ್ಕೆ ಇಷ್ಟು ದೂರ ಬಂದೆನಾ ಅನ್ನಿಸಿತು. ಹಿಂದಕ್ಕೆ ನಡೆಯಲು ಶುರು ಮಾಡಿದೆ, ಎರಡನೇ ತಿರುವಿನಲ್ಲೇ ದಾರಿ ತಪ್ಪಿತು. ಮ್ಯಾಪ್ ನೋಡಬೇಕು ಅಂದರೆ ಬ್ಯಾಗ್ ಖಾಲಿ ಮಾಡಬೇಕು. ಅದಕ್ಕೆ ಮನೆ ಮುಂದೆ ಸೈಕಲ್ ತೊಳೆಯುತ್ತಿದ್ದ ಒಬ್ಬ ಅಜ್ಜನನ್ನು ಕೇಳಿದೆ. ಅವರು ದಾರಿ ಹೇಳುವ ಬದಲು ಈ ಬೀದಿ ಮೊದಲು ಹೇಗಿತ್ತು ಅಂತ ಹೇಳಲು ಶುರು ಮಾಡಿದರು. ಇಲ್ಲಿ ಕೆರೆ ಇತ್ತಂತೆ, ಅಲ್ಲಿ ಒಂದು ಟಾಕೀಸು, ಆ ಮೂಲೆಯಲ್ಲಿ ಅವರು ಮೊದಲ ಸಲ ಸೈಕಲ್ಲಿನಿಂದ ಬಿದ್ದದ್ದು. ಎಷ್ಟು ಹೊತ್ತು ನಿಂತೆ ಅಂತ ಗೊತ್ತಿಲ್ಲ. ಕೊನೆಗೆ ಅವರು ಹೇಳಿದ ದಾರಿಯೂ ತಪ್ಪೇ, ಆ ರಸ್ತೆ ಈಗ ಮುಚ್ಚಿದೆ.

ಮೂರು ಸ್ಟಾಪು ಅಂದುಕೊಂಡದ್ದು ಏಳೋ ಎಂಟೋ ಆಯಿತು. ಕಾಲು ಬಿದ್ದುಹೋಗಿದೆ. ಮನೆಗೆ ಬಂದದ್ದು ನಾಲ್ಕಕ್ಕೆ, ಏಳಕ್ಕೆ ಹತ್ತು ನಿಮಿಷ ಸುದ್ದಿ ಓದಿದೆ, ಬರಹ ಮಾತ್ರ. ಪರಿಸ್ಥಿತಿ ಇನ್ನೂ ಹಾಗೇ ಇದೆ. ಓದಿ ಸಂಕಟ ಆಯಿತು. ಅದು ಹತ್ತು ನಿಮಿಷದ ಸಂಕಟ, ಇಡೀ ದಿನದ್ದಲ್ಲ. ಅಲ್ಲಿಯ ಜನರಿಗೆ ಸಹಾಯ ಕಳಿಸಬೇಕು ಅಂತ ಎರಡು ವಾರದಿಂದ ಅಂದುಕೊಳ್ಳುತ್ತಲೇ ಇದ್ದೆ, ಇವತ್ತು ಕಳಿಸಿದೆ. ಮೊಂಡುವಾದಿಯವರು ಇಟ್ಟುಕೊಂಡ ಆ ಇನ್ನರ್ಧ ಇದೇ ಇರಬೇಕು.

ದೂರದಊರು · ಭಾನುವಾರ, ರಾತ್ರಿ 9:02

ಎಂಟರ ಮೆಸೇಜ್ ಬಂತು. ಕರೆಂಟ್ ಬಂದಿದೆಯಂತೆ.

ಮೊಂಡುವಾದಿ · ಭಾನುವಾರ, ರಾತ್ರಿ 9:10

ಒಳ್ಳೆಯದಾಯಿತು. ತುಂಬಾ ಒಳ್ಳೆಯದಾಯಿತು.

ಖಾಲಿಬೆಂಚು, ಒಂದು ಪ್ರಶ್ನೆ. ಯಾವ ನಂಬರಿನ ಬಸ್ಸು? ನನಗಲ್ಲ, ಗೊತ್ತಿರುವವರೊಬ್ಬರು ಕೇಳುತ್ತಿದ್ದಾರೆ.

ಖಾಲಿಬೆಂಚು · ಭಾನುವಾರ, ರಾತ್ರಿ 9:14

ನಂಬರ್ ನೋಡಲಿಲ್ಲ. ಕಿಟಕಿ ಪಕ್ಕ ಸೀಟು ಖಾಲಿ ಕಂಡಿತು, ಹತ್ತಿದೆ. ಗೊತ್ತಿರುವವರಿಗೆ ಸ್ವೆಟರ್ ಮರೆಯಬೇಡಿ ಅಂತ ಹೇಳಿ.